ಒಮ್ಮೆ ಬೆಂದ ಗೋಧಿ

ಎರಡು ಈರುಳ್ಳಿ, ಅರ್ಧ ಕಿಲೊ ಹಣ್ಣಾದ ಟೊಮೆಟೊ, ಒಂದೂವರೆ ಲೋಟ ಬುರ್ಗುಲ್, ಕೈಬಿಚ್ಚಿ ಹಾಕಿದ ಆಲಿವ್ ಎಣ್ಣೆ. ಲೆಬನಾನಿನ ಹಳ್ಳಿಮನೆಯಲ್ಲಿ ರಾತ್ರಿಯ ಊಟಕ್ಕೆ ಇಷ್ಟಿದ್ದರೆ ಸಾಕು. ಮುಕ್ಕಾಲು ಗಂಟೆಯಲ್ಲಿ ಅಡುಗೆ ಇಳಿಯುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು, ಹಸಿ ಈರುಳ್ಳಿ ಸೊಪ್ಪು, ಸಣ್ಣಗೆ ಹೆಚ್ಚಿ ನಿಂಬೆಹಣ್ಣು ಹಿಂಡಿದ ಎಲೆಕೋಸು. ಈ ಅಡುಗೆಯ ಹೆಸರು ಬುರ್ಗುಲ್ ಬಿ ಬನದೂರ, ಅಂದರೆ ಟೊಮೆಟೊ ಹಾಕಿದ ಬುರ್ಗುಲ್. ಹೋಟೆಲಿನ ತಿಂಡಿಪಟ್ಟಿಯಲ್ಲಿ ಇದು ಕಾಣುವುದು ಅಪರೂಪ. ಹುಮ್ಮಸ್, ಫಲಾಫೆಲ್, ಷವರ್ಮಗಳು ಲೋಕವೆಲ್ಲ ಸುತ್ತಿ ನಮ್ಮ ಊರುಗಳಿಗೂ ಬಂದಿವೆ. ದುಬೈ, ಕುವೈತ್, ದೋಹಾಗಳಲ್ಲಿ ದುಡಿದು ಮಂಗಳೂರಿಗೋ ಭಟ್ಕಳಕ್ಕೋ ಮರಳಿದವರಿಗೆ ಅಲ್ಲಿನ ಲೆಬನಾನ್ ಹೋಟೆಲುಗಳ ತಬ್ಬೂಲೆ, ಫತ್ತೂಷ್‌ಗಳ ರುಚಿ ಚೆನ್ನಾಗಿ ಗೊತ್ತು. ಟೊಮೆಟೊ ಬುರ್ಗುಲ್ ಮಾತ್ರ ಮನೆಯ ಹೊಸಿಲು ದಾಟದೆ ಅಲ್ಲೇ ಉಳಿದುಕೊಂಡಿದೆ. ಲೆಬನಾನಿನವರು ದಿನನಿತ್ಯ ಏನು ಉಣ್ಣುತ್ತಾರೆ ಎಂದು ತಿಳಿಯಬೇಕಾದರೆ ಈ ಪಾತ್ರೆಯ ಮುಚ್ಚಳ ತೆಗೆದು ನೋಡಬೇಕು.

ಇದನ್ನು ನಮ್ಮ ಮನೆಗಳಲ್ಲಿ ಮಾಡುವುದು ಸುಲಭ. ಆದರೂ ಮೊದಲ ಸಲ ಮಾಡಿದವರಲ್ಲಿ ಬಹಳ ಮಂದಿಗೆ ಅದು ಅಂಟಂಟಾದ ಗೋಧಿ ಉಪ್ಪಿಟ್ಟಾಗಿಬಿಡುತ್ತದೆ. ಕಾರಣ ಸ್ಪಷ್ಟ: ಅಂಗಡಿಯ ಗೋಧಿ ನುಚ್ಚನ್ನೇ ಬುರ್ಗುಲ್ ಎಂದು ತಿಳಿದು ತಂದಿರುತ್ತಾರೆ. ನೋಟಕ್ಕೆ ಎರಡೂ ಒಂದೇ. ಬಣ್ಣವೂ ಹೆಚ್ಚುಕಡಿಮೆ ಒಂದೇ. ಗೋಧಿ ನುಚ್ಚು ಎಂದರೆ ಹಸಿ ಗೋಧಿಯನ್ನು ಒಡೆದದ್ದು. ಬುರ್ಗುಲ್ ಎಂದರೆ ಇಡೀ ಗೋಧಿಯನ್ನು ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಒಡೆದದ್ದು. ಅದು ಅಂಗಡಿಗೆ ಬರುವ ಮೊದಲೇ ಒಮ್ಮೆ ಬೆಂದಿದೆ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ನೀರೆಷ್ಟು, ಉರಿಯೆಷ್ಟು, ಸೌಟು ಆಡಿಸುವುದೆಷ್ಟು ಎನ್ನುವುದೆಲ್ಲ ತಾನಾಗಿ ತಿಳಿಯುತ್ತ ಹೋಗುತ್ತದೆ.

ಲೆಬನಾನ್ ಚಿಕ್ಕ ದೇಶ. ವಿಸ್ತೀರ್ಣ 10,452 ಚದರ ಕಿಲೊಮೀಟರ್. ನಮ್ಮ ವಿಜಯಪುರ ಜಿಲ್ಲೆಯಷ್ಟು ಎನ್ನಬಹುದು. ಪಶ್ಚಿಮಕ್ಕೆ ಮೆಡಿಟರೇನಿಯನ್ ಸಮುದ್ರ, ಅದಕ್ಕೆ ಅಂಟಿಕೊಂಡಂತೆ ಬೆಟ್ಟದ ಸಾಲು, ಆ ಸಾಲನ್ನು ದಾಟಿದರೆ ಬೆಕಾ ಕಣಿವೆ, ಅದರಾಚೆ ಸಿರಿಯಾದ ಗಡಿಗೆ ಇನ್ನೊಂದು ಬೆಟ್ಟದ ಸಾಲು. ಬೆಕಾ ಕಣಿವೆ ಸುಮಾರು 120 ಕಿಲೊಮೀಟರ್ ಉದ್ದ. ಸಮುದ್ರಮಟ್ಟದಿಂದ 900–1000 ಮೀಟರ್ ಎತ್ತರ. ಲಿತಾನಿ ನದಿ ಇದರೊಳಗೇ ದಕ್ಷಿಣಕ್ಕೆ ಹರಿಯುತ್ತದೆ. ರೋಮನ್ನರು ಮಹಾ ದೇವಾಲಯಗಳನ್ನು ಕಟ್ಟಿದ ಬಾಲ್‌ಬೆಕ್ ಪಟ್ಟಣ ಇರುವುದೂ ಇಲ್ಲೇ. ಚಳಿಗಾಲದಲ್ಲಿ ಎರಡೂ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಮಳೆಯೆಲ್ಲ ಆ ತಿಂಗಳುಗಳಲ್ಲೇ ಸುರಿದುಹೋಗುತ್ತದೆ. ಹಾಗಾಗಿ ಗೋಧಿ ಬಿತ್ತನೆ ನವೆಂಬರ್ ಸುಮಾರಿಗೆ, ಕೊಯ್ಲು ಜೂನ್‌ನಲ್ಲಿ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಆಕಾಶದಲ್ಲಿ ಮೋಡದ ಸುಳಿವೇ ಇರುವುದಿಲ್ಲ. ಕೊಯ್ಲಿನ ಬೆನ್ನಿಗೇ ಮೂರು ತಿಂಗಳು ಒಣ ಬಿಸಿಲು ಸಿಗುವ ಇಂಥ ನಾಡಿನಲ್ಲಿ ಬುರ್ಗುಲ್ ಹುಟ್ಟಿದ್ದು ಸಹಜವೇ.

ಬೇಸಿಗೆ ಮುಗಿಯುವ ಹೊತ್ತಿಗೆ ಹಳ್ಳಿಗಳಲ್ಲಿ ಗೋಧಿ ಬೇಯಿಸುವ ಕೆಲಸ ಶುರುವಾಗುತ್ತದೆ. ಮನೆಯ ಮುಂದೆಯೋ ತೋಟದ ಅಂಚಿನಲ್ಲೋ ಕಲ್ಲು ಹೂಡಿ ದೊಡ್ಡ ಕೊಪ್ಪರಿಗೆ ಇಡುತ್ತಾರೆ. ಬೆಳಿಗ್ಗೆಯಿಂದಲೇ ಸೌದೆ ಉರಿ. ತೊಳೆದ ಗೋಧಿ ನೀರು ಕುಡಿದು ಉಬ್ಬಿ, ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು. ಆದರೆ ಕಾಳು ಸೀಳಬಾರದು. ಸೀಳಿತೆಂದರೆ ಒಳಗಿನ ಹಿಟ್ಟು ನೀರಿಗೆ ಬಿಟ್ಟು ಇಡೀ ಕೊಪ್ಪರಿಗೆ ಗಂಜಿಯಾದೀತು. ಬೆಂದ ಗೋಧಿಯ ಮೊದಲ ಬಟ್ಟಲು ಮಕ್ಕಳಿಗೆ. ಮೇಲೆ ಸಕ್ಕರೆ, ಆಕ್ರೋಡು ಹಾಕಿ ಕೊಡುತ್ತಾರೆ. ಡಿಸೆಂಬರ್ 4ರಂದು ಬರುವ ಸಂತ ಬಾರ್ಬರಾ ಹಬ್ಬಕ್ಕೂ ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಇಡೀ ಗೋಧಿಯನ್ನೇ ಬೇಯಿಸಿ, ಸಕ್ಕರೆ ಬೆರೆಸಿ, ದಾಳಿಂಬೆ ಕಾಳು ಉದುರಿಸಿ ಹಂಚುತ್ತಾರೆ. ಗೋಧಿ ಹುಗ್ಗಿ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಆ ಬಟ್ಟಲು ಅಪರಿಚಿತ ಎನ್ನಿಸಲಾರದು.

ಉಳಿದ ಗೋಧಿ ಮಾಳಿಗೆ ಏರುತ್ತದೆ. ಲೆಬನಾನಿನ ಹಳೆಯ ಹಳ್ಳಿಮನೆಗಳ ಮಾಳಿಗೆ ಸಮತಟ್ಟು. ಅಲ್ಲಿ ಬಟ್ಟೆ ಹಾಸಿ ಗೋಧಿಯನ್ನು ತೆಳ್ಳಗೆ ಹರವಿ, ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸುತ್ತಾರೆ. ಹಕ್ಕಿ ಕಾಯುವ ಕೆಲಸ ಹುಡುಗರದು. ಕೆಲವು ದಿನಗಳಲ್ಲಿ ಕಾಳು ಕುಗ್ಗಿ, ಗಾಜಿನ ಚೂರಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬೀಸುವ ಕಲ್ಲಿಗೆ ಅಥವಾ ಊರಿನ ಗಿರಣಿಗೆ. ಒಡೆದದ್ದನ್ನು ಜರಡಿ ಹಿಡಿದು ಬೇರ್ಪಡಿಸುತ್ತಾರೆ: ದಪ್ಪನೆಯದು ಬೇಯಿಸುವ ಅಡುಗೆಗೆ, ಸಣ್ಣದು ತಬ್ಬೂಲೆಗೆ ಮತ್ತು ಮಾಂಸದೊಡನೆ ಅರೆದು ಮಾಡುವ ಕಿಬ್ಬೆಗೆ. ಹೀಗೆ ಚಳಿಗಾಲಕ್ಕೆಂದು ಕೂಡಿಡುವ ದಿನಸಿಗೆಲ್ಲ ಅಲ್ಲಿ ಮೂನೆ ಎನ್ನುತ್ತಾರೆ. ಆಲಿವ್ ಎಣ್ಣೆ, ಒಣಗಿಸಿದ ಟೊಮೆಟೊ, ಉಪ್ಪಿನಲ್ಲಿಟ್ಟ ತರಕಾರಿ, ದಾಳಿಂಬೆಯ ಗಟ್ಟಿ ರಸ, ಒಣ ಪುದೀನ ಎಲ್ಲವೂ ಮೂನೆಯೇ. ಬೈರೂತಿನ ಲೇಖಕಿ ಬಾರ್ಬರಾ ಅಬ್ದೇನಿ ಮಸ್ಸಾದ್ ಹಳ್ಳಿಹಳ್ಳಿ ತಿರುಗಿ ಇವನ್ನೆಲ್ಲ ದಾಖಲಿಸಿ, 2010ರಲ್ಲಿ ಮೂನೆ ಎಂಬ ಹೆಸರಿನ ದೊಡ್ಡ ಪುಸ್ತಕವನ್ನೇ ತಂದರು.

ಮೂನೆಯ ಸಾಲಿನಲ್ಲಿ ಕಿಶ್ಕ್ ಎಂಬುದೊಂದಿದೆ. ಬುರ್ಗುಲನ್ನು ಮೊಸರಿನಲ್ಲಿ ನೆನೆಸಿ, ದಿನವೂ ನಾದುತ್ತ ವಾರದ ಮೇಲೆ ಹುಳಿ ಬರಿಸುತ್ತಾರೆ. ಬಳಿಕ ಉಂಡೆ ಮಾಡಿ ಮಾಳಿಗೆಯ ಮೇಲೆ ಒಣಗಲು ಬಿಟ್ಟು, ಅಂಗೈಗಳ ನಡುವೆ ಉಜ್ಜಿ ಉಜ್ಜಿ ಪುಡಿ ಮಾಡುತ್ತಾರೆ. ಹಿಮ ಬೀಳುವ ದಿನಗಳಲ್ಲಿ ಎರಡು ಚಮಚ ಆ ಪುಡಿಯನ್ನು ನೀರಿಗೆ ಕದಡಿ ಕುದಿಸಿದರೆ ಹುಳಿಹುಳಿಯಾದ ಗಂಜಿ ಸಿದ್ಧ. ಹಾಲು ಕರೆಯದ ಕಾಲದಲ್ಲೂ ಮೊಸರಿನ ಸತ್ವ ಹೊಟ್ಟೆಗೆ ಸಿಗುತ್ತಿತ್ತು.

ಗೋಧಿಯನ್ನು ಒಮ್ಮೆ ಬೇಯಿಸಿ ಒಣಗಿಸುವುದರಿಂದ ಆಗುವ ಲಾಭವೇನು? ಬೇಯುವಾಗ ಕಾಳಿನೊಳಗಿನ ಪಿಷ್ಟ ನೀರು ಹೀರಿ ಅರಳುತ್ತದೆ. ಒಣಗಿದಾಗ ಅದೇ ಪಿಷ್ಟ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಹುಳದ ಮೊಟ್ಟೆಗಳಿದ್ದರೆ ಕುದಿಯುವ ನೀರಿಗೇ ಸಾಯುತ್ತವೆ. ಗೋಧಿಯ ಮೊಳಕೆಭಾಗದ ಎಣ್ಣೆಯನ್ನು ಕಮಟು ಮಾಡುವ ಕಿಣ್ವಗಳೂ ಕೆಲಸ ನಿಲ್ಲಿಸುತ್ತವೆ. ಆದ್ದರಿಂದ ಗೋಧಿ ಹಿಟ್ಟು ಕೆಡುವಷ್ಟು ಬೇಗ ಬುರ್ಗುಲ್ ಕೆಡುವುದಿಲ್ಲ. ಇನ್ನೂ ದೊಡ್ಡ ಲಾಭ ಸೌದೆಯದು. ಬೇಸಿಗೆಯಲ್ಲಿ ಒಂದೇ ದಿನ ದೊಡ್ಡ ಒಲೆ ಹೊತ್ತಿಸಿ ವರ್ಷದ ಗೋಧಿ ಬೇಯಿಸಿಕೊಂಡರೆ, ಚಳಿಗಾಲದಲ್ಲಿ ದಿನವೂ ಕಾಲು ಗಂಟೆಯ ಉರಿ ಸಾಕು. ಸಣ್ಣ ಬುರ್ಗುಲ್‌ಗಂತೂ ಒಲೆಯೇ ಬೇಡ. ನಿಂಬೆರಸ, ಟೊಮೆಟೊ ರಸಗಳಲ್ಲೇ ನೆನೆದು ಮೆತ್ತಗಾಗುತ್ತದೆ. ಗುಡ್ಡಗಾಡಿನಲ್ಲಿ ಸೌದೆ ಹೊತ್ತು ತರುವ ಹೆಂಗಸಿಗೆ ಇದರ ಬೆಲೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕರಾವಳಿಯವರಿಗೆ ಇಷ್ಟು ಹೊತ್ತಿಗೆ ಕುಚ್ಚಲಕ್ಕಿ ನೆನಪಾಗಿರಬೇಕು. ಉಡುಪಿ, ದಕ್ಷಿಣ ಕನ್ನಡದಲ್ಲಿ ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡುವ ಪದ್ಧತಿಯೂ ಇದೇ ವಿಜ್ಞಾನದ್ದು. ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದು ಪಾಲು ಅಕ್ಕಿಯ ಒಳಭಾಗಕ್ಕೆ ಇಳಿಯುತ್ತದೆ. ಕಾಳು ಬಿಗಿಯಾಗಿ ನುಚ್ಚಾಗದೆ ಉಳಿಯುತ್ತದೆ. ಎರಡು ದೂರದ ನಾಡುಗಳ ರೈತರು, ಒಬ್ಬರನ್ನೊಬ್ಬರು ಕಾಣದೆ, ತಮ್ಮ ತಮ್ಮ ಧಾನ್ಯಕ್ಕೆ ಒಂದೇ ಉಪಾಯ ಕಂಡುಕೊಂಡರು.

ಗೋಧಿಗೂ ಲೆಬನಾನಿಗೂ ಇರುವ ನಂಟು ಅಡುಗೆಮನೆಗಿಂತ ಬಹಳ ಹಳೆಯದು. 1855ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಥಿಯೊಡೋರ್ ಕೋಟ್ಶಿ ಹರ್ಮೋನ್ ಬೆಟ್ಟದ ಇಳಿಜಾರಿನ ರಾಶಯ್ಯ ಎಂಬ ಊರಿನ ಬಳಿ ಕಾಡುಹುಲ್ಲುಗಳನ್ನು ಸಂಗ್ರಹಿಸಿದ್ದರು. ರಾಶಯ್ಯ ಇಂದು ಲೆಬನಾನಿನ ಬೆಕಾ ಸೀಮೆಯಲ್ಲಿದೆ. ಆ ಸಂಗ್ರಹ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. 1873ರಲ್ಲಿ ಜರ್ಮನಿಯ ಫ್ರೀಡ್ರಿಶ್ ಕೊರ್ನಿಕೆ ಅದನ್ನು ನೋಡುತ್ತಿದ್ದಾಗ ಕಾಡು ಬಾರ್ಲಿಯ ಜೊತೆ ಸೇರಿಕೊಂಡಿದ್ದ ಬೇರೊಂದು ತೆನೆಯ ತುಂಡು ಕಣ್ಣಿಗೆ ಬಿತ್ತು. ಅದು ಕಾಡು ಎಮ್ಮರ್ ಗೋಧಿ. ಮುಂದೆ 1906ರಲ್ಲಿ ಕೃಷಿ ವಿಜ್ಞಾನಿ ಆರನ್ ಆರನ್‌ಸೋನ್ ಗಲಿಲೀ ಸೀಮೆಯ ರೋಷ್ ಪಿನ್ನದಲ್ಲಿ ಅದೇ ಗೋಧಿ ಬಂಡೆಗಳ ಸಂದಿಯಲ್ಲಿ ತಾನಾಗಿ ಬೆಳೆದು ನಿಂತಿರುವುದನ್ನು ಕಂಡರು. ಮನುಷ್ಯ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಬಿತ್ತಿ ಬೆಳೆಯತೊಡಗಿದ ಮೊದಲ ಧಾನ್ಯಗಳಲ್ಲಿ ಎಮ್ಮರ್ ಒಂದು. ಇಂದು ಬುರ್ಗುಲ್‌ಗೆ ಬಳಸುವ ಗಟ್ಟಿ ಕಾಳಿನ ಡ್ಯೂರಮ್ ಗೋಧಿ ಇದರ ಸಂತತಿಯದೇ.

ಈ ಎಮ್ಮರ್ ಗೋಧಿ ನಮ್ಮಲ್ಲೂ ಇದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಜವೆ ಗೋಧಿ, ಸದಕ, ಖಪ್ಲಿ ಎಂಬ ಹೆಸರುಗಳಲ್ಲಿ ಬೆಳೆಯುವುದು ಅದನ್ನೇ. ಹುಗ್ಗಿಗೆ, ಶಾವಿಗೆಗೆ, ಮಾದಲಿಗೆ ಅದೇ ಬೇಕು ಎನ್ನುವ ಮನೆಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ರೈತರಿಗೆ ಕೊಟ್ಟಿದೆ. ಪೇಟೆಯಲ್ಲಿ ಹೊರದೇಶದ ಬುರ್ಗುಲ್ ಪೊಟ್ಟಣಕ್ಕೆ ದುಬಾರಿ ಬೆಲೆ ತೆರುವ ಬದಲು ಈ ಜವೆ ಗೋಧಿಯಿಂದಲೇ ಬುರ್ಗುಲ್ ಮಾಡಿಕೊಳ್ಳಬಹುದು. ಮಾಡುವ ಬಗೆ ಮುಂದೆ ಬರುತ್ತದೆ.

ಇಷ್ಟು ಹಳೆಯ, ಇಷ್ಟು ಉಪಕಾರಿಯಾದ ಧಾನ್ಯಕ್ಕೆ ಅದರ ಸ್ವಂತ ಊರಿನಲ್ಲೇ ಮರ್ಯಾದೆ ಕಡಿಮೆಯಾದ ಕಾಲವೂ ಇತ್ತು. ಸಿರಿಯಾ, ಲೆಬನಾನ್ ಕಡೆ ಒಂದು ಗಾದೆಯಿದೆ: ಮಾನವೆಲ್ಲ ಅಕ್ಕಿಗೆ ಹೋಯಿತು, ಬುರ್ಗುಲ್ ಉರುಲು ಹಾಕಿಕೊಂಡಿತು. ಅಕ್ಕಿ ಹೊರಗಿನಿಂದ ಬರುವ ಸರಕು. ಉಳ್ಳವರ ಮನೆಯಲ್ಲಿ, ಪಟ್ಟಣದಲ್ಲಿ, ಮದುವೆಯಲ್ಲಿ ಅಕ್ಕಿ ಬಡಿಸಿದರು. ಬುರ್ಗುಲ್ ರೈತನ ಪಾಲಿಗೆ ಉಳಿಯಿತು. ನವಣೆ, ಸಾಮೆ, ರಾಗಿಗಳನ್ನು ಬಡವರ ಊಟವೆಂದು ಬದಿಗೆ ಸರಿಸಿ ಅನ್ನಕ್ಕೆ ಮಣೆ ಹಾಕಿದ ನಾಡಿನವರಿಗೆ ಈ ಗಾದೆಯ ನೋವು ತಟ್ಟನೆ ಅರ್ಥವಾಗುತ್ತದೆ.

ಆದರೆ ಕೂಡಿಟ್ಟ ಧಾನ್ಯದ ಬೆಲೆಯನ್ನು ಆ ದೇಶ ಕಷ್ಟದಲ್ಲಿ ಕಲಿತಿದೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಮಿಡತೆಯ ಹಿಂಡು ಪೈರು ತಿಂದಿತು; ಸಮುದ್ರದ ದಾರಿಯನ್ನು ಮಿತ್ರರಾಷ್ಟ್ರಗಳ ಹಡಗುಗಳು ಮುಚ್ಚಿದ್ದವು; ಒಳನಾಡಿನ ಗೋಧಿಯನ್ನು ಒಟ್ಟೋಮನ್ ಸೇನೆ ಕಸಿಯಿತು. 1918ರವರೆಗೆ ನಡೆದ ಆ ಬರದಲ್ಲಿ ಲೆಬನಾನ್ ಬೆಟ್ಟಸೀಮೆಯಲ್ಲಿ ಸತ್ತವರ ಸಂಖ್ಯೆಯನ್ನು ಎರಡು ಲಕ್ಷದ ಆಸುಪಾಸಿಗೆ ಅಂದಾಜು ಮಾಡುತ್ತಾರೆ. ನೂರು ವರ್ಷ ಕಳೆದು, 2020ರ ಆಗಸ್ಟ್ 4ರಂದು, ಬೈರೂತ್ ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ಸ್ಫೋಟಗೊಂಡಾಗ ದೇಶದ ಮುಖ್ಯ ಧಾನ್ಯ ಕಣಜವೇ ಛಿದ್ರವಾಯಿತು. ಒಂದು ಲಕ್ಷ ಇಪ್ಪತ್ತು ಸಾವಿರ ಟನ್ ಹಿಡಿಯುತ್ತಿದ್ದ ಕಣಜ ಅದು. ಗೋಧಿಯ ಬಹುಪಾಲನ್ನು ಉಕ್ರೇನಿನಿಂದ ತರಿಸಿಕೊಳ್ಳುತ್ತಿದ್ದ ದೇಶಕ್ಕೆ 2022ರ ಯುದ್ಧ ಇನ್ನೊಂದು ಪೆಟ್ಟು ಕೊಟ್ಟಿತು.

ಇದರ ನಡುವೆಯೇ ಬೀಜ ಉಳಿಸುವ ಕೆಲಸವೂ ನಡೆದಿದೆ. ಒಣಭೂಮಿ ಬೆಳೆಗಳಿಗಾಗಿ 1977ರಲ್ಲಿ ಹುಟ್ಟಿದ ಇಕಾರ್ಡಾ ಸಂಸ್ಥೆಯ ಬೀಜಭಂಡಾರ ಸಿರಿಯಾದ ಅಲೆಪ್ಪೊ ಬಳಿ ಇತ್ತು. ಅಂತರ್ಯುದ್ಧದಿಂದ ಅದು ಕೈತಪ್ಪಿತು. ಗೋಧಿ, ಬಾರ್ಲಿ, ಕಡಲೆ, ಮಸೂರಗಳ ಬೀಜದ ಪ್ರತಿಗಳನ್ನು ನಾರ್ವೆಯ ಸ್ವಾಲ್‌ಬಾರ್ಡ್ ಬೀಜಭಂಡಾರದಲ್ಲಿ ಮೊದಲೇ ಇಡಲಾಗಿತ್ತು. 2015ರಲ್ಲಿ ಆ ಭಂಡಾರದಿಂದ ಮೊತ್ತಮೊದಲ ಬಾರಿಗೆ ಬೀಜಗಳನ್ನು ಹಿಂದಕ್ಕೆ ಪಡೆದು ಮೊರಾಕ್ಕೊದಲ್ಲೂ ಬೆಕಾ ಕಣಿವೆಯ ತರ್ಬೋಲ್‌ನಲ್ಲೂ ಬಿತ್ತಿದರು. ಎರಡು ವರ್ಷದ ಬಳಿಕ ಹೊಸ ಬೀಜ ಸ್ವಾಲ್‌ಬಾರ್ಡಿಗೆ ಮರಳಿ ಹೋಯಿತು.

ಇನ್ನು ಒಲೆಯ ಹತ್ತಿರ ಬರೋಣ. ನಾಲ್ವರಿಗೆ ದಪ್ಪ ಬುರ್ಗುಲ್ ಒಂದೂವರೆ ಲೋಟ ತೆಗೆದುಕೊಳ್ಳಬೇಕು. ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಒಮ್ಮೆ ತೊಳೆದು ನೀರು ಬಸಿದಿಟ್ಟರೆ ಸಾಕು, ನೆನೆಸುವುದು ಬೇಡ. ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ. ಆಲಿವ್ ಎಣ್ಣೆ ದುಬಾರಿ ಎನ್ನುವವರು ಮುಕ್ಕಾಲು ಪಾಲು ಕಡಲೆಕಾಯಿ ಎಣ್ಣೆಯಲ್ಲೇ ಮಾಡಿ, ಇಳಿಸುವಾಗ ಒಂದು ಚಮಚ ಆಲಿವ್ ಎಣ್ಣೆ ಹಸಿಯಾಗಿ ಮೇಲೆ ಹಾಕಬಹುದು. ವಾಸನೆ ಬರಬೇಕಾದಷ್ಟು ಬರುತ್ತದೆ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬಾಡಿಸಬೇಕು. ಇಲ್ಲಿ ಅವಸರ ಮಾಡಬಾರದು. ಇಡೀ ಅಡುಗೆಯ ಸಿಹಿ ಬರುವುದು ಈ ಈರುಳ್ಳಿಯಿಂದ.

ಟೊಮೆಟೊವನ್ನು ಹೆಚ್ಚುವುದಕ್ಕಿಂತ ತುರಿಯುವುದು ಒಳ್ಳೆಯದು. ಹಣ್ಣನ್ನು ಅಡ್ಡಕ್ಕೆ ಕೊಯ್ದು, ಕೊಯ್ದ ಮೈಯನ್ನು ತುರಿಮಣೆಗೆ ಒತ್ತಿ ಉಜ್ಜಿದರೆ ತಿರುಳೆಲ್ಲ ಕೆಳಗೆ ಇಳಿದು ಸಿಪ್ಪೆ ಮಾತ್ರ ಅಂಗೈಗೆ ಹತ್ತಿಕೊಂಡು ಉಳಿಯುತ್ತದೆ. ಅರ್ಧ ಕಿಲೊ ಹಣ್ಣಿಗೆ ಐದು ನಿಮಿಷವೂ ಹಿಡಿಯದು. ನಮ್ಮ ನಾಟಿ ಟೊಮೆಟೊ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಹುಳಿ ಗೋಧಿಗೆ ಚೆನ್ನಾಗಿ ಹೊಂದುತ್ತದೆ. ಜಾಮೂನು ಟೊಮೆಟೊ ಎನ್ನುವ ಗಟ್ಟಿ ಜಾತಿಯದಾದರೆ ಕೊನೆಗೆ ಅರ್ಧ ಹೋಳು ನಿಂಬೆರಸ ಬೇಕಾಗುತ್ತದೆ. ತುರಿದ ತಿರುಳನ್ನು ಈರುಳ್ಳಿಗೆ ಸುರಿದು ಹಸಿವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಕುದಿಸಬೇಕು. ಅಂದಹಾಗೆ, ಟೊಮೆಟೊ ಲೆಬನಾನ್, ಸಿರಿಯಾ ಸೀಮೆಗೆ ಬಂದು ಇನ್ನೂರು ವರ್ಷವಾಗಿದೆ ಅಷ್ಟೆ. ಅಲೆಪ್ಪೊದಲ್ಲಿ ಬ್ರಿಟನ್ನಿನ ಕಾನ್ಸಲ್ ಆಗಿದ್ದ ಜಾನ್ ಬಾರ್ಕರ್ 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ತಂದರೆಂದು ಹೇಳುತ್ತಾರೆ. ಹತ್ತು ಸಾವಿರ ವರ್ಷದ ಗೋಧಿಗೆ ಇನ್ನೂರು ವರ್ಷದ ಟೊಮೆಟೊ ಜೊತೆಯಾಗಿ, ಇಂದು ಒಂದನ್ನು ಬಿಟ್ಟು ಇನ್ನೊಂದನ್ನು ಊಹಿಸಲಾಗದಷ್ಟು ಬೆರೆತಿವೆ.

ಈಗ ಮಸಾಲೆ. ಲೆಬನಾನಿನ ಮನೆಗಳಲ್ಲಿ ಏಳು ಮಸಾಲೆಯ ಪುಡಿ ಇರುತ್ತದೆ. ಮನೆಯಿಂದ ಮನೆಗೆ ಅಳತೆ ಬೇರೆ. ಕಾಳುಮೆಣಸು, ಚಕ್ಕೆ, ಲವಂಗ, ಜಾಯಿಕಾಯಿ, ಕೊತ್ತಂಬರಿ, ಒಣಶುಂಠಿ ಸಾಮಾನ್ಯ. ಮುಖ್ಯವಾದದ್ದು ಆಲ್‌ಸ್ಪೈಸ್. ಮಲೆನಾಡಿನ ತೋಟಗಳಲ್ಲಿ ಸರ್ವಸಾಂಬಾರ ಎಂದು ಬೆಳೆಸುವ ಮರ ಅದೇ. ನಮ್ಮಲ್ಲಿ ಎಲೆ ಬಳಸುತ್ತಾರೆ, ಅಲ್ಲಿ ಒಣಗಿಸಿದ ಕಾಯಿ. ಸಿಗದಿದ್ದರೆ ಲವಂಗ, ಚಕ್ಕೆ, ಜಾಯಿಕಾಯಿ ಮೂರನ್ನೂ ಚೂರುಚೂರು ಸೇರಿಸಿ ಪುಡಿ ಮಾಡಿದರೆ ಅದರ ಹತ್ತಿರಕ್ಕೆ ಬರುತ್ತದೆ. ಒಟ್ಟು ಅರ್ಧ ಚಿಕ್ಕ ಚಮಚ ಸಾಕು. ಸಾಸಿವೆ ಸಿಡಿಸಬೇಕು, ಕರಿಬೇವು ಹಾಕಬೇಕು, ಹಸಿಮೆಣಸಿನಕಾಯಿ ಸೀಳಬೇಕು ಎಂದು ಕೈ ತುಡಿಯುವುದು ಸಹಜ. ಮೊದಲ ಸಲವಾದರೂ ಆ ಕೈಯನ್ನು ತಡೆದು ನೋಡಬೇಕು. ಒಗ್ಗರಣೆ ಬಿದ್ದರೆ ಗೋಧಿಯ ಬಿಸಿಲಿನ ವಾಸನೆ ಮುಚ್ಚಿಹೋಗುತ್ತದೆ. ಈ ಅಡುಗೆಯಲ್ಲಿ ಸವಿಯಬೇಕಾದದ್ದೇ ಅದು.

ಬಸಿದಿಟ್ಟ ಬುರ್ಗುಲ್ ಹಾಕಿ, ಪ್ರತಿ ಕಾಳಿಗೂ ಎಣ್ಣೆ ಟೊಮೆಟೊ ಹತ್ತುವಂತೆ ಎರಡು ನಿಮಿಷ ತಿರುವಬೇಕು. ಬೇಯಿಸಿದ ಕಾಬೂಲಿ ಕಡಲೆ ಇದ್ದರೆ ಒಂದು ಲೋಟ ಸೇರಿಸಬಹುದು. ಆಮೇಲೆ ಕುದಿಯುವ ನೀರು. ಟೊಮೆಟೊ ರಸ, ನೀರು ಎಲ್ಲ ಸೇರಿ ಬುರ್ಗುಲ್‌ನ ಎರಡರಷ್ಟಿರಬೇಕು. ಹಾಗಾಗಿ ನೀರು ಒಂದೂವರೆಯಿಂದ ಎರಡು ಲೋಟ ಹಿಡಿಯುತ್ತದೆ. ಒಂದು ಕುದಿ ಬಂದ ಮೇಲೆ ಉರಿಯನ್ನು ಪೂರ್ತಿ ತಗ್ಗಿಸಿ ಮುಚ್ಚಳ ಮುಚ್ಚಿ, ಕಾಲು ಗಂಟೆ ಅದರ ಪಾಡಿಗೆ ಅದನ್ನು ಬಿಡಬೇಕು. ಸೌಟು ಹಾಕಿ ಕೆದಕಬಾರದು. ಒಮ್ಮೆ ಬೆಂದ ಕಾಳಿಗೆ ಈಗ ಬೇಕಾಗಿರುವುದು ಹಬೆ ಮಾತ್ರ. ಕೆದಕಿದರೆ ಕಾಳಿನ ಮೈ ಸವೆದು ಅಂಟು ಬಿಡುತ್ತದೆ. ಉರಿ ಆರಿಸಿದ ಮೇಲೆ ಮುಚ್ಚಳದ ಕೆಳಗೆ ಒಂದು ಒಣ ಬಟ್ಟೆ ಹಾಸಿ ಮತ್ತೆ ಹತ್ತು ನಿಮಿಷ. ಮುಚ್ಚಳಕ್ಕೆ ಹತ್ತಿದ ಹಬೆನೀರನ್ನು ಬಟ್ಟೆ ಹೀರಿಕೊಳ್ಳುತ್ತದೆ. ಕೊನೆಗೆ ಫೋರ್ಕಿನಿಂದ ಬಿಡಿಸಿದರೆ ಕೆಂಪಗೆ, ಉದುರುದುರಾಗಿ, ಹಲ್ಲಿಗೆ ತುಸು ಬಿಗಿಯಾಗಿ ಸಿಗುವ ಬುರ್ಗುಲ್ ಸಿದ್ಧ. ಬದನೆಕಾಯಿಯ ಹೋಳು ಹುರಿದು ಸೇರಿಸುವವರಿದ್ದಾರೆ. ಎಲೆಕೋಸು ಹೆಚ್ಚಿ ಈರುಳ್ಳಿಯ ಜೊತೆಗೇ ಬಾಡಿಸುವವರಿದ್ದಾರೆ. ಈಸ್ಟರ್ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸ ಬಿಡುವ ಕ್ರೈಸ್ತರ ಮನೆಗಳಲ್ಲಿ ಇಂಥ ಸಸ್ಯಾಹಾರಿ ಬುರ್ಗುಲ್ ಬಗೆಗಳು ಹಲವು ಹುಟ್ಟಿವೆ.

ದಕ್ಷಿಣ ಲೆಬನಾನಿನ ಇನ್ನೊಂದು ಅಡುಗೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಸೂರ ಮತ್ತು ಅಕ್ಕಿ ಸೇರಿಸಿ ಮಾಡುವ ಮುಜದ್ದರ ಅರಬರಲ್ಲಿ ಬಹಳ ಹಳೆಯದು. 1226ರಲ್ಲಿ ಬಾಗ್ದಾದಿನಲ್ಲಿ ಬರೆದ ಅಲ್-ಬಗ್ದಾದಿಯ ಪಾಕಗ್ರಂಥದಲ್ಲೇ ಅದಿದೆ, ಮಾಂಸ ಸೇರಿಸಿದ್ದು. ದಕ್ಷಿಣ ಲೆಬನಾನಿನವರು ಅಕ್ಕಿಯ ಜಾಗಕ್ಕೆ ದಪ್ಪ ಬುರ್ಗುಲ್ ಹಾಕಿ, ಈರುಳ್ಳಿಯನ್ನು ಕಡುಗಂದು ಬಣ್ಣಕ್ಕೆ ಬರುವವರೆಗೆ ಎಣ್ಣೆಯಲ್ಲಿ ಹುರಿಯುತ್ತಾರೆ. ಇನ್ನೊಂದು ಗಳಿಗೆ ಬಿಟ್ಟರೆ ಸೀದೀತು ಎನ್ನುವಾಗ ಅದಕ್ಕೆ ನೀರು ಸುರಿಯುತ್ತಾರೆ. ಈರುಳ್ಳಿ ಕರಗಿ ನೀರು ಕೆಂಪಾಗುತ್ತದೆ. ಆ ನೀರಿನಲ್ಲೇ ಮಸೂರವೂ ಬುರ್ಗುಲೂ ಬೇಯಬೇಕು. ಕೆಂಪು ಮುಜದ್ದರ ಎಂದೇ ಅದರ ಹೆಸರು. ಇದಕ್ಕೆ ಸಿಪ್ಪೆ ಇರುವ ಇಡೀ ಚನ್ನಂಗಿ ಕಾಳು ಬೇಕು. ಸಿಪ್ಪೆ ತೆಗೆದ ಕೆಂಪು ಬೇಳೆ ಹಾಕಿದರೆ ತೊವ್ವೆಯಾಗುತ್ತದೆ. ಧಾನ್ಯವೂ ಬೇಳೆಕಾಳೂ ಸೇರಿದ್ದರಿಂದ ಒಂದರಲ್ಲಿ ಕಡಿಮೆಯಿರುವ ಅಮೈನೊ ಆಮ್ಲವನ್ನು ಇನ್ನೊಂದು ತುಂಬಿಕೊಡುತ್ತದೆ.

ತಬ್ಬೂಲೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಲೋಕದ ತುಂಬ ಹರಡಿದೆ. ಹೊರದೇಶದ ಅಂಗಡಿಗಳಲ್ಲಿ ಸಿಗುವ ತಬ್ಬೂಲೆಯಲ್ಲಿ ಬುರ್ಗುಲ್ ರಾಶಿ, ನಡುನಡುವೆ ಹಸಿರು ಚುಕ್ಕೆ. ಲೆಬನಾನಿನಲ್ಲಿ ಅದು ತಿರುಗುಮುರುಗು: ದೊಡ್ಡ ಕಟ್ಟು ಕಟ್ಟು ಪಾರ್ಸ್ಲಿ ಸೊಪ್ಪು, ಅದಕ್ಕೆ ಹಿಡಿ ಪುದೀನ, ಟೊಮೆಟೊ, ಈರುಳ್ಳಿ ಸೊಪ್ಪು, ಸಣ್ಣ ಬುರ್ಗುಲ್ ಎರಡು ಮೂರು ಚಮಚ ಮಾತ್ರ. ಪಾರ್ಸ್ಲಿಯನ್ನು ತೊಳೆದು ನೀರಿನ ಪಸೆಯಿಲ್ಲದಂತೆ ಆರಿಸಿ, ಕಟ್ಟನ್ನು ಎಡಗೈಯಲ್ಲಿ ಬಿಗಿಹಿಡಿದು, ಹರಿತವಾದ ಚಾಕುವಿನಿಂದ ಒಂದೇ ಸಲ ನವಿರಾಗಿ ಕೊಯ್ಯುತ್ತ ಹೋಗಬೇಕು. ಕೊಯ್ದದ್ದನ್ನೇ ಮತ್ತೆ ಮತ್ತೆ ಕೊಚ್ಚಿದರೆ, ಮಿಕ್ಸಿಗೆ ಹಾಕಿದರೆ, ಎಲೆ ಜಜ್ಜಿ ಕಪ್ಪಗಾಗಿ ನೀರು ಬಿಡುತ್ತದೆ. ಲೆಟ್ಯೂಸ್ ಅಥವಾ ಎಲೆಕೋಸಿನ ಎಳೆ ಎಲೆಯಲ್ಲಿ ತುಂಬಿಕೊಂಡು ತಿನ್ನುವುದು ರೂಢಿ. ಜುಲೈ ತಿಂಗಳ ಮೊದಲ ಶನಿವಾರವನ್ನು ಅಲ್ಲಿ ತಬ್ಬೂಲೆಯ ದಿನವೆಂದೇ ಆಚರಿಸುತ್ತಾರೆ. ಪಾರ್ಸ್ಲಿಯ ಬದಲು ಕೊತ್ತಂಬರಿ ಸೊಪ್ಪು ಹಾಕಿದರೆ ಒಳ್ಳೆಯ ಕೋಸಂಬರಿಯೇನೋ ಆದೀತು, ತಬ್ಬೂಲೆ ಎನ್ನುವ ಹೆಸರು ಅದಕ್ಕೆ ಬೇಡ.

ಮನೆಯಲ್ಲೇ ಬುರ್ಗುಲ್ ಮಾಡುವ ಬಗೆಯನ್ನು ಹೇಳುವೆನೆಂದ ಮಾತು ಬಾಕಿಯಿದೆ. ನಮ್ಮ ನಾಡಿನಲ್ಲಿ ಇದಕ್ಕೆ ಕಾಲ ಮಾರ್ಚ್, ಏಪ್ರಿಲ್; ಹಪ್ಪಳ ಸಂಡಿಗೆ ತಾರಸಿಗೆ ಏರುವ ದಿನಗಳೇ. ಹೊಟ್ಟು ತೆಗೆದ ಜವೆ ಗೋಧಿ ಒಂದು ಕಿಲೊ ತಂದು, ತೊಳೆದು, ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ನೀರಿನಲ್ಲಿ ಬೇಯಿಸಬೇಕು. ಕುಕ್ಕರ್ ಬೇಡ, ಕಾಳು ಸೀಳುತ್ತದೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಕಾಳೊಂದನ್ನು ಕಚ್ಚಿ ನೋಡಿದರೆ ನಡುವೆ ಬಿಳಿ ಹಿಟ್ಟಿನ ಚುಕ್ಕೆ ಕಾಣಬಾರದು. ಕಂಡರೆ ಇನ್ನೂ ಬೇಯಬೇಕು. ಬಸಿದು, ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರವಬೇಕು. ದಪ್ಪಗೆ ಹರವಿದರೆ ಮೊದಲ ರಾತ್ರಿಯೇ ಹಳಸಿದ ವಾಸನೆ ಬರುತ್ತದೆ. ಸಂಜೆ ಒಳಗೆ ತಂದು ಫ್ಯಾನಿನ ಕೆಳಗೆ ಹರವಿ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಬಯಲುಸೀಮೆಯ ಬಿಸಿಲಿಗೆ ಎರಡು ಮೂರು ದಿನ ಸಾಕು. ಮುಷ್ಟಿ ತುಂಬ ತೆಗೆದು ತಟ್ಟೆಗೆ ಸುರಿದರೆ ಹರಳು ಬಿದ್ದಂತೆ ಟಣಟಣ ಸದ್ದಾಗಬೇಕು. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಅಥವಾ ಗಿರಣಿಯಲ್ಲಿ ರವೆಯ ಹದಕ್ಕೆ ಒಡೆಸಿ, ಎರಡು ಜರಡಿಗಳಲ್ಲಿ ಜಾಲಿಸಿದರೆ ದಪ್ಪದ್ದು, ಸಣ್ಣದ್ದು, ಹಿಟ್ಟು ಮೂರೂ ಬೇರೆಯಾಗುತ್ತವೆ. ಕೊನೆಯ ಹಿಟ್ಟನ್ನು ರೊಟ್ಟಿಗೆ ಕಲಸಿಕೊಳ್ಳಬಹುದು.

ತೂಕ, ಸಕ್ಕರೆ ಎಂದು ಲೆಕ್ಕ ಹಾಕುವವರಿಗೆ ಎರಡು ಮಾತು. ಬೇಯಿಸಿದ ಒಂದು ಕಪ್ ಬುರ್ಗುಲ್‌ನಲ್ಲಿ ಸುಮಾರು 8 ಗ್ರಾಂ ನಾರು, 5ರಿಂದ 6 ಗ್ರಾಂ ಪ್ರೋಟೀನು ಇರುತ್ತದೆ. ಅಷ್ಟೇ ಬಿಳಿ ಅನ್ನದಲ್ಲಿ ನಾರು 1 ಗ್ರಾಂ ಸಹ ಇರುವುದಿಲ್ಲ. ರಕ್ತದ ಸಕ್ಕರೆಯನ್ನು ಏರಿಸುವ ವೇಗವೂ ಬಿಳಿ ಅನ್ನಕ್ಕಿಂತ ಕಡಿಮೆ. ಆದರೆ ಇದು ಗೋಧಿಯೇ. ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆಯವರು ಇದನ್ನು ಮುಟ್ಟುವಂತಿಲ್ಲ. ಜವೆ ಗೋಧಿಯಾದರೂ ಅಷ್ಟೆ.

ಟೊಮೆಟೊ ಬುರ್ಗುಲ್ ಮಾಡಲು ನಮ್ಮಲ್ಲಿ ಹಬ್ಬ ಹುಣ್ಣಿಮೆ ನೋಡಬೇಕಾಗಿಲ್ಲ. ಟೊಮೆಟೊ ಬೆಲೆ ನೋಡಿದರೆ ಸಾಕು. ಕೋಲಾರದ ಮಾರುಕಟ್ಟೆಗೆ ಮಾಲು ಉಕ್ಕಿ ಬಂದು, ರೈತನಿಗೆ ಬಾಡಿಗೆಯೂ ಹುಟ್ಟದೆ ಪೆಟ್ಟಿಗೆಗಳು ರಸ್ತೆಬದಿಗೆ ಬೀಳುವ ವಾರಗಳು ವರ್ಷದಲ್ಲಿ ಒಂದೆರಡಾದರೂ ಬರುತ್ತವೆ. ಆಗ ಒಂದು ಕಿಲೊ ಹೆಚ್ಚಿಗೇ ಕೊಂಡು, ತುರಿದು, ಉಪ್ಪು ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಗಾಜಿನ ಸೀಸೆಯಲ್ಲಿ ತುಂಬಿ, ಮೇಲೊಂದು ಬೆರಳು ಎಣ್ಣೆ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ಸಲದ ಅಡುಗೆಗೆ ಆಗುತ್ತದೆ. ರಾತ್ರಿ ಉಳಿದ ಬುರ್ಗುಲನ್ನು ಬೆಳಿಗ್ಗೆ ಬಿಸಿ ಮಾಡುವ ಅಗತ್ಯವೂ ಇಲ್ಲ. ಫ್ರಿಜ್ಜಿನಿಂದ ತೆಗೆದು, ಮೊಸರು ಹಾಕಿ, ಮೇಲೆ ನಾಲ್ಕು ಪುದೀನ ಎಲೆ ಹರಿದು ಹಾಕಿದರೆ ಡಬ್ಬಿಗೆ ಕಟ್ಟಿಕೊಂಡು ಹೋಗಬಹುದು.